ಗ್ಲೇಜ್ಡ್ ಟೈಲ್ಸ್: ಗೋಡೆಗೆ ಧಾರಾಳವಾಗಿ, ನೆಲಕ್ಕೆ ನೋಡಿಕೊಂಡು

ಟೈಲ್ಸ್ ಅಂಗಡಿಯಲ್ಲಿ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ನೀವು ಒಂದು ಟೈಲ್ ಕೈಗೆತ್ತಿಕೊಂಡು ಅದರ ಬೆನ್ನು ನೋಡಿ. ಅಲ್ಲಿ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಅದು ಗೋಡೆಯ ಟೈಲ್. ನೀರು ಹಾಗೇ ಕೂತಿದ್ದರೆ ವಿಟ್ರಿಫೈಡ್ ಜಾತಿಯದ್ದು, ಅಂದರೆ ಒಳಗೆಲ್ಲ ಗಾಜಿನಂತೆ ಬಿಗಿಯಾಗುವಷ್ಟು ಸುಟ್ಟದ್ದು. ಗೋಡೆಯ ಟೈಲ್ ತನ್ನ ತೂಕದ ಶೇಕಡಾ 10ಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ವಿಟ್ರಿಫೈಡ್ ಅರ್ಧ ಪರ್ಸೆಂಟೂ ಕುಡಿಯುವುದಿಲ್ಲ. ನೆಲಕ್ಕೆಂದೇ ಮಾಡಿದ ಸೆರಾಮಿಕ್ ಇವೆರಡರ ನಡುವೆ ಬರುತ್ತದೆ. ಅಂಗಡಿಯವರು ಏನೇ ಹೇಳಲಿ, ಈ ಹನಿ ಸುಳ್ಳು ಹೇಳುವುದಿಲ್ಲ.

ಗ್ಲೇಜ್ಡ್ ಟೈಲ್ ಅಂದರೆ ಒಳಗೆ ಸುಟ್ಟ ಮಣ್ಣು, ಮೇಲೆ ಗಾಜಿನ ತೆಳು ಪದರ. ಸಾವಿರ ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ಈ ಪದರ ಕರಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ. ಮನೆಯ ಉಪ್ಪಿನಕಾಯಿ ಜಾಡಿಯ ಮೇಲಿನ ಹೊಳಪೂ ಇಂಥದ್ದೇ. ವರ್ಷಗಟ್ಟಲೆ ಉಪ್ಪು, ಹುಳಿ, ಎಣ್ಣೆ ತುಂಬಿಟ್ಟರೂ ಜಾಡಿಗೆ ಏನೂ ಆಗುವುದಿಲ್ಲ ಅಲ್ವಾ? ಟೈಲ್ ಮುಖಕ್ಕೂ ಹಾಗೇ. ನಿಂಬೆರಸ ಬಿದ್ದರೆ ಅಮೃತಶಿಲೆ ಮಂಕಾಗುತ್ತದೆ, ಕಡಪ ಕಲ್ಲೂ ಕಲೆ ಹಿಡಿಯುತ್ತದೆ. ಗ್ಲೇಜ್ ಮೇಲೆ ಒರೆಸಿದರೆ ಮುಗಿಯಿತು. ಬಿಸಿಲಿಗೆ ಬಣ್ಣವೂ ಹೋಗುವುದಿಲ್ಲ.

ಆದರೆ ಗಟ್ಟಿತನವೆಲ್ಲ ಆ ಮೇಲಿನ ಪದರದಲ್ಲೇ ಇರುವುದು. ಅದು ಸವೆದರೆ ಕೆಳಗಿರುವುದು ಬರೀ ಮಣ್ಣು. ಗ್ಲೇಜಿನ ದೊಡ್ಡ ಶತ್ರು ನೀರೂ ಅಲ್ಲ, ಎಣ್ಣೆಯೂ ಅಲ್ಲ, ಮರಳು. ಮರಳಿನ ಕಾಳು ಗಾಜಿಗಿಂತ ಗಟ್ಟಿ. ಚಪ್ಪಲಿಗೆ ಅಂಟಿ ಬಂದ ಮರಳು ದಿನಾ ಉಜ್ಜಿ ಉಜ್ಜಿ, ಬಾಗಿಲ ಹತ್ತಿರ ಒಂದು ದಾರಿಯ ಹಾಗೆ ಹೊಳಪು ತೆಗೆದುಬಿಡುತ್ತದೆ. ಬಾಗಿಲಾಚೆ ಒಂದು ಒರಟು ಕಾಲೊರಸು ಹಾಕುವುದೇ ಇದಕ್ಕೆ ಅಗ್ಗದ ಮದ್ದು.

ನೆಲಕ್ಕೆ ಗ್ಲೇಜ್ಡ್ ಟೈಲೇ ಬೇಕು ಅಂದರೆ ಕ್ಯಾಟಲಾಗ್ ಕೇಳಿ, ಪಿಇಐ ನಂಬರ್ ನೋಡಿ. ಸವೆತ ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಅದು. 0ಯಿಂದ 5ರವರೆಗೆ ಇರುತ್ತದೆ. 0 ಗೋಡೆಗೆ ಮಾತ್ರ. ಮನೆಯೊಳಗಿನ ಕೋಣೆಗಳಿಗೆ 3 ಸಾಕು. ಹಾಲ್, ಅಡುಗೆಮನೆ, ಹೊರಗಿನ ಜಗಲಿಗೆ 4 ಇದ್ದರೆ ಒಳ್ಳೆಯದು. ಗೋಡೆಯ ಟೈಲ್ ಮಿಕ್ಕಿದೆ ಎಂದು ಸುಮ್ನೆ ನೆಲಕ್ಕೆ ಹಾಕಿಸಬೇಡಿ. ಕುಕ್ಕರ್ ಬಿದ್ದರೆ ಸಾಕು, ಸೀಳುತ್ತದೆ. ಹೊಸಿಲ ಮುಂದೆ ತೀರಾ ನುಣುಪಿನದು ಹಾಕಿಸಿದರೆ ರಂಗೋಲಿ ಎಳೆಯೂ ನಿಲ್ಲುವುದಿಲ್ಲ. ಇದನ್ನು ಯಾವ ಕ್ಯಾಟಲಾಗೂ ಹೇಳುವುದಿಲ್ಲ!

ಬಚ್ಚಲುಮನೆಯ ಗೋಡೆಗೆ ಗ್ಲೇಜ್ಡ್ ಟೈಲಿನಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಏಳಡಿ ಎತ್ತರದವರೆಗಾದರೂ ಹಾಕಿಸಿ. ಅಲ್ಲಿನ ನೆಲಕ್ಕೆ ಮಾತ್ರ ಹೊಳೆಯುವುದು ಬೇಡವೇ ಬೇಡ. ಹಬ್ಬದ ಎಣ್ಣೆಸ್ನಾನದ ದಿನ ವಯಸ್ಸಾದವರು ಅಲ್ಲಿ ಕಾಲಿಡುವುದನ್ನು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಮ್ಯಾಟ್ ಟೈಲ್, ಅದರಲ್ಲೂ ಚಿಕ್ಕ ಅಳತೆಯದು ತೆಗೆದುಕೊಳ್ಳಿ. ಸಂದು ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತ ಸಿಗುತ್ತದೆ. ನೀರು ಹರಿಯುವ ವಾಟ ಕೊಡುವುದೂ ಸುಲಭ.

ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಧಾರಾಳವಾಗಿ ಹಾಕಿಸಿ. ಕಟ್ಟೆಗೆ ಬೇಡ. ಕಾಯಿ ಒಡೆಯುವುದು, ಶುಂಠಿ ಜಜ್ಜುವುದು, ಕಾದ ಬಾಣಲೆ ತಂದು ಇಡುವುದು, ಇದನ್ನೆಲ್ಲ ಗ್ರಾನೈಟ್ ತಡೆಯುತ್ತದೆ, ಗ್ಲೇಜ್ ತಡೆಯುವುದಿಲ್ಲ. ಅರಿಶಿನ, ಒಗ್ಗರಣೆ ಎಣ್ಣೆ ಟೈಲಿಗೆ ಹಿಡಿಯುವುದಿಲ್ಲ, ಸಂದಿನ ಬಿಳಿ ಸಿಮೆಂಟಿಗೆ ಹಿಡಿಯುತ್ತದೆ. ಒಲೆಯ ಹಿಂದಿನ ಆ ಸ್ವಲ್ಪ ಜಾಗಕ್ಕಾದರೂ ಎಪಾಕ್ಸಿ ಗ್ರೌಟ್ (ಸಿಮೆಂಟ್ ಬದಲು ಸಂದಿಗೆ ತುಂಬುವ ರಾಳ) ತುಂಬಿಸಿ. ದುಬಾರಿ ಹೌದು. ಆದರೆ ಹಳದಿ ಸಂದನ್ನು ವಾರವಾರ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕುವವರು ಯಾರು?

ತುಳಸಿಕಟ್ಟೆಗೂ ಈಗ ಟೈಲ್ಸ್ ಮೆತ್ತಿಸುತ್ತಾರೆ. ನೋಡೋಕೆ ಚಂದ. ಒಳಗಿನ ಮಣ್ಣು ಸದಾ ಒದ್ದೆ, ಆ ತೇವ ಹಿಂದಿನಿಂದ ಟೈಲಿಗೆ ಬರುತ್ತದೆ. ಬಿಳಿ ಉಪ್ಪು ಒಸರಿ, ಆಮೇಲೆ ಒಂದೊಂದೇ ಕಳಚುತ್ತದೆ. ಹಾಕಿಸಲೇಬೇಕಾದರೆ ಒಳಮೈಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ತಳದಲ್ಲಿ ನೀರು ಹೋಗಲು ತೂತು ಬಿಡಿಸಿ.

ಹಳೆಯ ಟೈಲ್ ಮೇಲೆ ಕೂದಲೆಳೆಯ ಬಲೆಯಂಥ ಬಿರುಕು ಕಂಡಿರಬಹುದು. ಒಳಗಿನ ಮಣ್ಣು ತೇವ ಹೀರಿ ವರ್ಷಗಳು ಕಳೆದಂತೆ ತುಸು ಹಿಗ್ಗುತ್ತದೆ. ಮೇಲಿನ ಗಾಜು ಹಿಗ್ಗುವುದಿಲ್ಲ, ಸೀಳುತ್ತದೆ. ಇದಕ್ಕೆ ರಿಪೇರಿ ಇಲ್ಲ.

ಇನ್ನು ಮೇಸ್ತ್ರಿ ಕೆಲಸ. ಟೈಲ್ ಎಷ್ಟೇ ಒಳ್ಳೆಯದಿರಲಿ, ಬಾಳಿಕೆ ಇರುವುದು ಇಲ್ಲೇ. ಸಿಮೆಂಟ್ ಗಾರೆಯಲ್ಲಿ ಕೂರಿಸುವುದಾದರೆ ಗೋಡೆ ಟೈಲನ್ನು ಮೊದಲು ನೀರಲ್ಲಿ ಮುಳುಗಿಸಿಡಬೇಕು. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ನೀರು ಸೋರಲು ಬಿಟ್ಟು ಕೂರಿಸಬೇಕು. ಇಲ್ಲದಿದ್ದರೆ ಟೈಲೇ ಗಾರೆಯ ನೀರು ಕುಡಿದುಬಿಡುತ್ತದೆ, ಹಿಡಿತ ಬರುವುದಿಲ್ಲ. ಅಂಟು ಪುಡಿ ಬಳಸಿದರೆ ನೆನೆಸುವುದು ಬೇಡ. ವಿಟ್ರಿಫೈಡ್‌ಗೆ ಬರೀ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ, ಅಂಟೇ ಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವವರಿದ್ದಾರೆ. ಅಂಥವರ ಪಕ್ಕ ನಿಂತು ಪೂರ್ತಿ ಬಳಿಸಿ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ, ದುಡ್ಡು ಕೊಡುವ ಮೊದಲೇ ಕೀಳಿಸಿ ಮತ್ತೆ ಹಾಕಿಸಿ.

ಸಂದೇ ಕಾಣಬಾರದು ಅಂತ ಹಟ ಮಾಡಬೇಡಿ. ಎರಡು ಮಿಲಿಮೀಟರಾದರೂ ಬಿಡಲೇಬೇಕು. ಬಿಸಿಗೆ ಹಿಗ್ಗಲು ಜಾಗ ಇಲ್ಲದಿದ್ದರೆ ನೆಲದ ಟೈಲ್ ಒಂದು ದಿನ ಸಾಲಾಗಿ ಮೇಲೇಳುತ್ತದೆ.

ತೊಳೆಯಲು ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತಲ್ಲೇ ತೊಳೆದುಬಿಡಿ. ಆಸಿಡ್ ಸುರಿದರೆ ಟೈಲ್ ಉಳಿದರೂ ಸಂದಿನ ಸಿಮೆಂಟ್ ತಿಂದುಹೋಗುತ್ತದೆ. ಅಲ್ಲಿಂದ ನೀರು ಇಳಿದು ಪಕ್ಕದ ಕೋಣೆಯ ಗೋಡೆ ಒದ್ದೆಯಾಗುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಯಾವತ್ತೂ ಸೇರಿಸಬೇಡಿ. ಏಳುವ ಕ್ಲೋರಿನ್ ಗಾಳಿ ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಖರೀದಿಸುವಾಗ ಡಬ್ಬಗಳ ಮೇಲಿನ ಶೇಡ್ ನಂಬರ್, ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಒಂದು ಡಬ್ಬ ಜಾಸ್ತಿ ತಂದು ಅಟ್ಟದ ಮೇಲಿಡಿ. ಮುಂದೆ ಪೈಪ್ ಸೋರಿ ಗೋಡೆ ಒಡೆಸಬೇಕಾದಾಗ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಟವೆಲ್ ಸ್ಟ್ಯಾಂಡಿಗೆ ತೂತು ಕೊರೆಸುವಾಗ ಗುರುತಿನ ಮೇಲೆ ಟೇಪ್ ಅಂಟಿಸಿ, ಬಿಟ್ ಜಾರುವುದಿಲ್ಲ. ಟೈಲ್ ಪೂರ್ತಿ ದಾಟುವವರೆಗೆ ಡ್ರಿಲ್ ಬರೀ ತಿರುಗಲಿ. ಬಡಿಯುವ ಹ್ಯಾಮರ್ ಏನಿದ್ದರೂ ಇಟ್ಟಿಗೆ ಸಿಕ್ಕ ಮೇಲೆ.