ಮ್ಯಾಚ್ ನೋಡ್ತಾ ಕೂತ ಹುಡುಗರನ್ನು ಗದ್ದೆಗೆ ಇಳಿಸುದು ಹೇಗೆ?

ನಮ್ಮ ಕಾಸರಗೋಡಿನ ಕುಂಬಳೆ ಕಡೆ ಹುಡುಗರಿಗೆ ಆಟದ ಹುಚ್ಚು ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. 2021ರಲ್ಲಿ ಇಲ್ಲೇ ಹತ್ತಿರದ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಕೇರಳ ಟೀಮಿಗೆ ಆಡಿ ವಾಂಖೆಡೆಯಲ್ಲಿ ಮುಂಬೈ ಮೇಲೆ 54 ಬಾಲಿಗೆ 137 ಹೊಡೆದದ್ದು ಎಲ್ಲರಿಗೂ ಬಾಯಿಪಾಠ, ಆದ್ರೆ ಆದಿತ್ಯವಾರ ವಾಲಿಬಾಲ್ ಉಂಟು ಬನ್ನಿ ಅಂದ್ರೆ ಹನ್ನೆರಡು ಜನ ಒಟ್ಟಾಗುದಿಲ್ಲ.

ಮೊದಲು, ಬೈಬೇಡಿ. ಇಪ್ಪತ್ತೆರಡರ ಹುಡುಗನಿಗೆ ಮೊಬೈಲ್ ಬಿಡು ಅಂದ್ರೆ ಅವ ಬಿಡುದು ನಿಮ್ಮನ್ನು. ನಾನು ಕಂಡ ಹಾಗೆ ಸೋಮಾರಿತನಕ್ಕಿಂತ ನಾಚಿಕೆಯೇ ಜಾಸ್ತಿ. ಪ್ಲಸ್ ಟು ಮುಗಿದ ಮೇಲೆ ಬಾಲ್ ಮುಟ್ಟಲಿಲ್ಲ, ಹೊಟ್ಟೆ ಸ್ವಲ್ಪ ಬಂದಿದೆ, ಅಲ್ಲಿ ಟೂರ್ನಮೆಂಟ್ ಆಡುವವರ ಎದುರು ಸರ್ವಿಸ್ ನೆಟ್ಟಿಗೆ ಬಡಿದ್ರೆ ಎಲ್ಲ ನಗ್ತಾರೆ ಅಂತ. ಹಾಗಾಗಿ ಮೊದಲ ಎರಡು ವಾರ ಆ ಹುಲಿಗಳನ್ನು ಕರೆಯಲೇ ಬೇಡಿ.

ಕ್ರಿಕೆಟ್ ಬೇಡ, ಒಬ್ಬ ಬ್ಯಾಟ್ ಮಾಡುವಾಗ ಬೌಂಡರಿಯಲ್ಲಿ ನಿಂತವ ಮತ್ತೆ ಫೋನೇ ತೆಗೆಯುದು. ಕಬಡ್ಡಿ ಚಂದ, ಆದ್ರೆ ಮೈ ಪಳಗದೆ ಇಳಿದ್ರೆ ಮೊದಲ ದಿನವೇ ಕಾಲು ಉಳುಕಿ ಮನೆಯಲ್ಲಿ ಅಮ್ಮನ ಬೈಗುಳ. ವಾಲಿಬಾಲೇ ಸರಿ, ಬದಿಗೆ ಆರು ಜನ, 18 ಮೀಟರ್ ಉದ್ದ 9 ಅಗಲ ಜಾಗ ಸಾಕು. ಕೊಯ್ಲು ಆದ ಗದ್ದೆ ಸಿಕ್ಕಿದ್ರೆ ಕೇಳಿ ತೆಗೊಳ್ಳಿ, ಮುರಕಲ್ಲಿನ ಪದವಿನಲ್ಲಿ (ಗುಡ್ಡದ ಮೇಲಿನ ಕಲ್ಲುಬಯಲಿನಲ್ಲಿ) ಬಿದ್ರೆ ಮೊಣಕಾಲಿನ ಚರ್ಮ ಅಲ್ಲೇ ಉಳೀತದೆ. ಕಂಬಕ್ಕೆ ಅಡಿಕೆಮರ, ಎರಡಡಿ ಹುಗಿದು ಹಗ್ಗ ಎಳೆದು ಕಟ್ಟಿ (ನಾವು ಒಮ್ಮೆ ಹಳೇ ಮರ ನೆಟ್ಟು ಮೂರನೇ ಸ್ಮ್ಯಾಶಿಗೆ ಕಂಬವೇ ತಲೆಮೇಲೆ ಬರುದ್ರಲ್ಲಿತ್ತು). ನೆಟ್ ಗಂಡಸರಿಗೆ 2.43 ಮೀಟರ್ ಎತ್ತರ ಅಂತ ರೂಲ್ಸ್ ಉಂಟು, ನೀವು ಒಂದು ಗೇಣು ಕೆಳಗೇ ಕಟ್ಟಿ, ಹಾರಿ ಹೊಡೆದದ್ದು ಆಚೆ ಹೋದ್ರೆ ಅವ ನಾಳೆಯೂ ಬರ್ತಾನೆ.

ಟೈಮು ಮುಖ್ಯ. ಐಪಿಎಲ್ ರಾತ್ರಿ ಮ್ಯಾಚ್ ಏಳೂವರೆಗೆ, ಹಾಗಾಗಿ ಐದಕ್ಕೆ ಶುರುಮಾಡಿ ಆರೂಕಾಲಿಗೆ ಬಿಡಿ, ಮತ್ತೆ ಮಿಂದು ಒಬ್ಬನ ಮನೆಯಲ್ಲಿ ಎಲ್ಲ ಒಟ್ಟಿಗೆ ಮ್ಯಾಚ್ ನೋಡಿ. ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಹೆಬ್ಬೆರಳು ಇಪ್ಪತ್ತು ಬರ್ತದೆ, ಜನ ನಾಲ್ಕು. ಫೋನ್ ಮಾಡಿ, ಇಲ್ಲದಿದ್ರೆ ಬೈಕಲ್ಲಿ ಮನೆ ಗೇಟಿಗೇ ಹೋಗಿ ಹಾರ್ನ್ ಹೊಡೀರಿ.

ನಾನು ನೋಡುದು ಮಾತ್ರ ಅಂತ ಹಟ ಹಿಡಿದವನ ಕೈಗೆ ಸೀಟಿ ಕೊಡಿ, 25 ಪಾಯಿಂಟಿನ ಲೆಕ್ಕ ಅವನದ್ದು. ಮೂರನೇ ವಾರ ಒಬ್ಬ ಕಮ್ಮಿ ಬಿದ್ದಾಗ ಕೇಳುದೇ ಬೇಡ, ಚಪ್ಪಲಿ ಬದುವಿನಲ್ಲಿ ಬಿಟ್ಟು ಅವನೇ ಇಳೀತಾನೆ.