ಪೆಲೆಟ್ ಸ್ಟವ್ ಹೊತ್ತಿಕೊಳ್ಳದಿದ್ದಾಗ ನಾನು ಹುಡುಕಿದ ದಾರಿ

ಪೆಲೆಟ್ ಸ್ಟವ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡುಗಳನ್ನು, ಅಂದರೆ ಪೆಲೆಟ್ ಉರಿಸಿ ಮನೆ ಬೆಚ್ಚಗಿಡುವ ಒಲೆ) ಸರಿಯಾಗಿ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: ಇಗ್ನೈಟರ್ (ಕರೆಂಟ್‌ನಿಂದ ಕಾದು ಬೆಂಕಿ ಹತ್ತಿಸುವ ಭಾಗ) ಹೋಗಿರಬೇಕು, ಹೊಸದು ಹಾಕಿ. ನನಗೂ ಅದನ್ನೇ ಹೇಳಿದರು. ಇಗ್ನೈಟರ್ ಸುಟ್ಟುಹೋಗುವ ಭಾಗವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬಿಡಿಭಾಗ ಕೊಳ್ಳುವ ಮೊದಲು ಸ್ಟವ್ ಏನು ಮಾಡುತ್ತಿದೆ ಅಂತ ಒಂದು ಸಲ ಪೂರ್ತಿ ನೋಡಬೇಕು. ಅದು ಎಲ್ಲಿ ನಿಲ್ಲುತ್ತದೆ ಅನ್ನುವುದೇ ಅರ್ಧ ಉತ್ತರ ಹೇಳಿಬಿಡುತ್ತದೆ.

ನನ್ನ ಸ್ಟವ್ ಮಾಡುತ್ತಿದ್ದದ್ದು ಇಷ್ಟು. ಬಟನ್ ಒತ್ತಿದರೆ ಫ್ಯಾನ್ ಶುರುವಾಗುತ್ತದೆ, ಪೆಲೆಟ್ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಹೊಗೆಯೂ ಬರುತ್ತದೆ. ಆಮೇಲೆ ಬರೀ ಹೊಗೆ. ಗಾಜು ಕಂದು ಬಣ್ಣಕ್ಕೆ ತಿರುಗುತ್ತದೆ, ಪೆಲೆಟ್ ಉರಿಯುವ ಬಟ್ಟಲು, ಅಂದರೆ ಬರ್ನ್ ಪಾಟ್‌ನಲ್ಲಿ ಪೆಲೆಟ್ ರಾಶಿ ಬೀಳುತ್ತದೆ, ಉರಿ ಮಾತ್ರ ಇಲ್ಲ. ಕೆಲವು ಸಲ ತುಂಬಾ ತಡವಾಗಿ ಒಂದೇ ಸಲಕ್ಕೆ ಭಗ್ ಅಂತ ಹತ್ತಿಕೊಳ್ಳುತ್ತಿತ್ತು, ಕೆಲವು ಸಲ ಎರರ್ ತೋರಿಸಿ ನಿಂತುಬಿಡುತ್ತಿತ್ತು.

ಈ ತಡವಾದ ಭಗ್ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗೆ ತುಂಬಿದ ಹೊಗೆಯೇ ಸುಡುವ ಅನಿಲ, ಅದಕ್ಕೆ ಒಮ್ಮೆಲೇ ಕಿಡಿ ತಗುಲಿದರೆ ಬಾಗಿಲಿನ ಗಾಜು ಒಡೆಯುವಷ್ಟು ಒತ್ತಡ ಬರಬಹುದು. ಒಳಗೆ ದಟ್ಟ ಹೊಗೆ ಇರುವಾಗ ಬಾಗಿಲು ತೆಗೆಯಬಾರದು. ಪಾಟ್‌ನಲ್ಲಿ ರಾಶಿ ಇರುವಾಗಲೇ ಮತ್ತೆ ಸ್ಟಾರ್ಟ್ ಒತ್ತಬಾರದು. ತಾನಾಗಿ ಆರಿ ಪೂರ್ತಿ ತಣ್ಣಗಾದ ಮೇಲೆ ಪಾಟ್ ಖಾಲಿ ಮಾಡಿ, ಆಮೇಲೇ ಮುಂದಿನ ಪ್ರಯತ್ನ. ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹತ್ತಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ಬಿಟ್ಟುಬಿಡಿ. ಸ್ಟವ್ ಇರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ (ವಾಸನೆಯಿಲ್ಲದ ವಿಷದ ಅನಿಲ) ಅಲಾರಂ ಇರಲೇಬೇಕು, ಸ್ಟವ್ ಹೀಗೆ ಕೈಕೊಡುವ ದಿನಗಳಲ್ಲಂತೂ ಇನ್ನೂ ಮುಖ್ಯ.

ಸರಿ, ಎಲ್ಲಿ ನಿಲ್ಲುತ್ತದೆ ಅನ್ನುವ ವಿಷಯಕ್ಕೆ ಬರೋಣ. ಪೆಲೆಟ್ಟೇ ಬೀಳದಿದ್ದರೆ ಹಾಪರ್ ಕಡೆ, ಅಂದರೆ ಪೆಲೆಟ್ ತುಂಬಿಡುವ ಪೆಟ್ಟಿಗೆಯ ಕಡೆ ನೋಡಬೇಕು. ಹಾಪರ್ ಪೂರ್ತಿ ಖಾಲಿಯಾಗಿ ಆಮೇಲೆ ತುಂಬಿಸಿದ್ದರೆ ಆಗರ್ (ಪೆಲೆಟ್ ಸಾಗಿಸುವ ತಿರುಪು) ತಿರುಗಿ ಪೆಲೆಟ್ ಮೇಲೆ ಬರುವುದಕ್ಕೇ ಕೆಲವು ನಿಮಿಷ ಬೇಕು. ಮೊದಲ ಸ್ಟಾರ್ಟ್ ಕೈಕೊಟ್ಟರೆ ಅದು ದೋಷವಲ್ಲ. ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿದ್ದರೂ, ಪೆಲೆಟ್ ಒಂದಕ್ಕೊಂದು ಆನಿಕೊಂಡು ಕಮಾನಿನ ಹಾಗೆ ನಿಂತುಬಿಟ್ಟಿದ್ದರೂ ಕೆಳಗೆ ಇಳಿಯುವುದಿಲ್ಲ. ಪೆಲೆಟ್ ಬಿದ್ದು ಹೊಗೆಯೇ ಇಲ್ಲದಿದ್ದರೆ ಆಗ ಇಗ್ನೈಟರ್ ಅಥವಾ ಅದಕ್ಕೆ ಬರುವ ಕರೆಂಟ್ ಮೇಲೆ ಅನುಮಾನ ಪಡುವುದು ನ್ಯಾಯ. ಹೊಗೆ ಬಂದು ಉರಿ ಬರದಿದ್ದರೆ, ಅಂದರೆ ನನ್ನ ಹಾಗೆ, ಹೆಚ್ಚಾಗಿ ಬಿಸಿ ಇದೆ, ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಆದರೂ ಮಾತು ಬಂದಿತ್ತಲ್ಲ ಅಂತ ಇಗ್ನೈಟರ್ ಅಳೆದೇ ನೋಡಿದೆ. ಪ್ಲಗ್ ಕಿತ್ತು, ಸ್ಟವ್ ತಣ್ಣಗಿರುವಾಗ, ಅದರ ಎರಡು ವೈರ್ ಬಿಚ್ಚಿ ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಹಿಡಿಯುವುದು. ಎಷ್ಟು ಬರಬೇಕು ಅನ್ನುವುದನ್ನು ಲೆಕ್ಕ ಹಾಕಬಹುದು: ವೋಲ್ಟ್ ಅನ್ನು ವೋಲ್ಟ್‌ನಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿ. 230 ವೋಲ್ಟ್, 300 ವ್ಯಾಟ್‌ನದಾದರೆ ಸುಮಾರು 176 ಓಮ್. 120 ವೋಲ್ಟ್‌ನದಾದರೆ 48. ತಣ್ಣಗಿರುವಾಗ ಸ್ವಲ್ಪ ಕಡಿಮೆ ತೋರಿಸಿದರೆ ಚಿಂತೆಯಿಲ್ಲ. ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ಒಂದು ವೈರ್‌ಗೂ ಅದರ ಲೋಹದ ಮೈಗೂ ಮಧ್ಯೆ ಮೀಟರ್ ಏನಾದರೂ ಓಮ್ ತೋರಿಸಿದರೆ ಶಾರ್ಟ್ ಆಗಿದೆ, ಅಂಥದ್ದು ಮನೆಯ ಬ್ರೇಕರನ್ನೇ ಬೀಳಿಸಬಹುದು. ನನ್ನದರ ಅಳತೆ ಸರಿಯಾಗಿಯೇ ಇತ್ತು.

ಇಗ್ನೈಟರ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿದ್ದರೆ ಉಳಿದದ್ದು ಸುಲಭ. ಸುಮಾರು ಸ್ಟವ್‌ಗಳಲ್ಲಿ ಅದು ಪೆನ್ಸಿಲ್ ಗಾತ್ರದ ಕಡ್ಡಿ, ಒಂದು ಕೊಳವೆಯೊಳಗೆ ಕೂತಿರುತ್ತದೆ. ಪೆಲೆಟ್‌ಗೆ ಅದು ತಾಗುವುದೇ ಇಲ್ಲ. ಕಡ್ಡಿಗೂ ಕೊಳವೆಗೂ ನಡುವಿನ ಸಂದಿಯಲ್ಲಿ ಗಾಳಿ ಹಾದು, ಕಾದು, ಬರ್ನ್ ಪಾಟ್‌ನ ತೂತಿನಿಂದ ಪೆಲೆಟ್ ಮೇಲೆ ಬೀಳುತ್ತದೆ. ಹತ್ತಿಸುವುದು ಆ ಬಿಸಿ ಗಾಳಿ. ಆ ಗಾಳಿಯನ್ನು ಯಾರೂ ಒಳಗೆ ಊದುತ್ತಿಲ್ಲ, ಹೊಗೆ ಕೊಳವೆಯ ಕಡೆ ಕೂತ ಎಕ್ಸಾಸ್ಟ್ ಫ್ಯಾನ್ ಎಳೆಯುತ್ತಿದೆ. ಹಾಗಾಗಿ ದಾರಿಯಲ್ಲಿ ಎಲ್ಲೇ ಬೂದಿ ಕಟ್ಟಿದರೂ, ಬಾಗಿಲಿನಲ್ಲಿ ಎಲ್ಲೇ ಸಂದಿ ಬಿಟ್ಟರೂ ಪಾಟ್‌ನ ತಳಕ್ಕೆ ಸಿಗುವ ಎಳೆತ ಕಡಿಮೆಯಾಗುತ್ತದೆ, ಸೀಳಿದ ಸ್ಟ್ರಾದಲ್ಲಿ ನೀರು ಎಳೆದ ಹಾಗೆ. ಕಡ್ಡಿ ಕೆಂಪಗೆ ಕಾದಿದ್ದರೂ ಪೆಲೆಟ್ ಸುಮ್ನೆ ಹೊಗೆಯಾಡುತ್ತದೆ ಅಷ್ಟೇ.

ಆದ್ದರಿಂದ ಪಾಟ್‌ನಿಂದ ಶುರುಮಾಡಿ ಹೊಗೆ ಹೋಗುವ ದಾರಿಯಲ್ಲೇ ಹೋದೆ. ಪಾಟ್ ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ತಳದ ತೂತುಗಳಲ್ಲಿ ಎಷ್ಟೋ ಮುಚ್ಚಿಹೋಗಿದ್ದವು. ಮೇಲಿನ ಬೂದಿ ದಿನಾ ತೆಗೆಯುತ್ತಿದ್ದೆ, ಅದು ಉದುರುವ ಬೂದಿ. ಇದು ಬೇರೆ. ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾದ ಕಿಟ್ಟ, ಬ್ರಷ್‌ಗೆ ಜಗ್ಗುವುದಿಲ್ಲ. ಸ್ಕ್ರೂಡ್ರೈವರ್‌ನಿಂದ ಕೆರೆದು, ತೂತಿನ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಒಂದೊಂದನ್ನೇ ಬಿಡಿಸಿದೆ. ಮೆಷಿನ್‌ಗೆ ಹಾಕಿ ಕೊರೆಯಬೇಡಿ, ತೂತು ದೊಡ್ಡದಾದರೆ ಗಾಳಿಯ ಲೆಕ್ಕವೇ ತಪ್ಪುತ್ತದೆ. ಇಗ್ನೈಟರ್ ಎದುರಿನ ತೂತನ್ನು ಮಾತ್ರ ವಿಶೇಷವಾಗಿ ನೋಡಿ. ನನ್ನದರಲ್ಲಿ ಅದರ ಅರ್ಧ ಭಾಗ ಕಿಟ್ಟದಿಂದ ಮುಚ್ಚಿತ್ತು, ಕೊಳವೆಯ ಬಾಯಲ್ಲಿ ಮೆತ್ತಗಿನ ಬೂದಿ ತುಂಬಿತ್ತು. ವಾಪಸ್ ಇಡುವಾಗ ಪಾಟ್ ಕೂರುವ ಅಂಚನ್ನೂ ಒರೆಸಿ. ಅಲ್ಲಿ ಒಂದು ಚೂರು ಬೂದಿ ಇದ್ದರೂ ಪಾಟ್ ಎದ್ದು ಕೂರುತ್ತದೆ, ಗಾಳಿ ತೂತಿನಿಂದ ಬರುವ ಬದಲು ಆ ಸಂದಿಯಿಂದ ನುಗ್ಗುತ್ತದೆ.

ಇಷ್ಟಕ್ಕೇ ಉರಿ ಬಂತು, ಆದರೆ ಸೋಮಾರಿ ಉರಿ: ಉದ್ದ, ಕಿತ್ತಳೆ ಬಣ್ಣ, ತುದಿಯಲ್ಲಿ ಕಪ್ಪು. ಒಳ್ಳೆ ಉರಿ ಗಿಡ್ಡಗೆ, ಚುರುಕಾಗಿ, ಹೆಚ್ಚು ಬೆಳ್ಳಗೆ ಇರುತ್ತದೆ. ಹಾಗಾಗಿ ಮುಂದುವರಿದೆ. ಒಳಗಿನ ಹಿಂಬದಿ ಪ್ಲೇಟ್ ಬಿಚ್ಚಿದಾಗ ಗೊತ್ತಾಯಿತು ನಿಜವಾದ ಕಥೆ. ಅದರ ಹಿಂದೆ ಹೊಗೆ ಇಳಿದು ಹೋಗುವ ಕಿಂಡಿ ಇದೆ, ಕಣ್ಣಿಗೆ ಬೀಳದ ಜಾಗ, ಅಲ್ಲಿ ಹಿಟ್ಟಿನಂಥ ಬೂದಿ ಮುಕ್ಕಾಲು ಭಾಗ ತುಂಬಿ ನಿಂತಿತ್ತು. ಅದನ್ನು ತೆಗೆದು, ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ಅದರ ರೆಕ್ಕೆಗೆ ಮೆತ್ತಿದ್ದ ಮಸಿ ಉಜ್ಜಿ, ಹೊರಗಿನ ಕೊಳವೆಯಲ್ಲಿ T ಆಕಾರದ ಜೋಡಣೆಯ ಮುಚ್ಚಳವನ್ನೂ ತೆಗೆದು ಖಾಲಿ ಮಾಡಿದೆ. ಫ್ಯಾನ್ ಬಿಚ್ಚಿದರೆ ಅದರ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಹೊಸದು ಹಾಕಬೇಕು, ಇಲ್ಲದಿದ್ದರೆ ಹೊಗೆ ಮನೆಯೊಳಗೇ ಸೋರುತ್ತದೆ. ಬೂದಿಯನ್ನು ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯಬೇಡಿ. ಬೂದಿಯೊಳಗೆ ಕೆಂಡ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಲೋಹದ ಡಬ್ಬಿಗೇ ಹಾಕಿ.

ಬಾಗಿಲಿನ ಗ್ಯಾಸ್ಕೆಟ್ ಪರೀಕ್ಷೆಗೆ ಒಂದು ಕಾಗದ ಸಾಕು. ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸುತ್ತಲೂ ಹೀಗೇ ಮಾಡಿ. ಸಲೀಸಾಗಿ ಬಂದ ಕಡೆ ಗಾಳಿ ಸೋರುತ್ತಿದೆ. ಎಳೆತ ಇದೆಯೇ ಅಂತ ನೋಡುವ ವ್ಯಾಕ್ಯೂಮ್ ಸ್ವಿಚ್‌ಗೆ ಹೋಗುವ ಸಣ್ಣ ರಬ್ಬರ್ ನಳಿಗೆಯನ್ನೂ ನೋಡಿ, ಸ್ಟವ್ ಕಡೆಯ ಬಾಯಿ ಬೂದಿಯಿಂದ ಮುಚ್ಚಿದ್ದರೆ ಎಳೆತ ಚೆನ್ನಾಗಿದ್ದರೂ ಸ್ವಿಚ್‌ಗೆ ಅದು ಗೊತ್ತಾಗುವುದಿಲ್ಲ, ಹಲವು ಸ್ಟವ್‌ಗಳಲ್ಲಿ ಆಗರ್ ನಿಂತುಬಿಡುತ್ತದೆ. ಊದಿ ಬಿಡಿಸುವುದಾದರೆ ನಳಿಗೆಯನ್ನು ಸ್ವಿಚ್‌ನಿಂದ ಕಳಚಿಯೇ ಊದಿ, ಒಳಗಿನ ಪೊರೆ ತುಂಬಾ ನಾಜೂಕು. ಕೆಲವರು ಈ ಸ್ವಿಚ್ಚನ್ನೇ ಬೈಪಾಸ್ ಮಾಡಿ ಓಡಿಸುತ್ತಾರೆ. ದಯವಿಟ್ಟು ಬೇಡ. ಹೊಗೆ ಹೊರಗೆ ಹೋಗದಿದ್ದಾಗ ಉರಿಯನ್ನು ನಿಲ್ಲಿಸಲು ಇರುವುದೇ ಅದು.

ಪೆಲೆಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಒಳ್ಳೆಯದರಲ್ಲಿ ತೇವ 10 ಶೇಕಡಾಕ್ಕಿಂತ ಕಡಿಮೆ ಇರುತ್ತದೆ, ಮೈ ಹೊಳೆಯುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಚೀಲದ ತಳದಲ್ಲಿ ಹೊಟ್ಟು ಜಾಸ್ತಿ ಇದ್ದರೆ ಜರಡಿ ಹಿಡಿದು ಹಾಕಿ. ಕಿಟ್ಟ ಪದೇ ಪದೇ ಕಟ್ಟುತ್ತಿದ್ದರೆ ಬ್ರ್ಯಾಂಡ್ ಬದಲಿಸಿ ನೋಡಿ.

ದಾರಿ ಬಿಡಿಸಿದ ಮೇಲೆ ನನ್ನ ಸ್ಟವ್ ಅದೇ ಹಳೇ ಇಗ್ನೈಟರ್‌ನಲ್ಲೇ ಸ್ವಲ್ಪ ಹೊಗೆ ಬಿಟ್ಟು, ಕೆಲವೇ ನಿಮಿಷಕ್ಕೆ ಹತ್ತಿಕೊಳ್ಳುತ್ತಿದೆ. ನಿಮ್ಮದು ಚೆನ್ನಾಗಿ ಹತ್ತಿಕೊಂಡು, ಉರಿ ಎದ್ದು ಕಾಣುತ್ತಿರುವಾಗಲೇ ಎರರ್ ಕೊಟ್ಟು ನಿಲ್ಲುತ್ತಿದ್ದರೆ ಅದು ಬೇರೆ ದಾರಿ. ಆಗ ಉಷ್ಣತೆ ಅಳೆಯುವ ಸೆನ್ಸರ್ ನೋಡಿ. ಅದರ ಮೇಲೆ ಮಸಿ ಕೂತಿದ್ದರೆ ಅಥವಾ ಅದು ಜಾಗ ಬಿಟ್ಟು ಸರಿದಿದ್ದರೆ ಉರಿ ಬಂದದ್ದು ಸ್ಟವ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್‌ಗೆ ತಿಳಿಯುವುದೇ ಇಲ್ಲ. ಒರೆಸಿ, ಸರಿಯಾಗಿ ಕೂರಿಸಿ ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡಿ, ಆಮೇಲೂ ಹಾಗೇ ಆದರೆ ಸೆನ್ಸರ್ ಬದಲಿಸಬೇಕಾಗಬಹುದು.