ಹಳೆಯ ಕ್ಯಾಮೆರಾದ ಶಟರ್: ಮೊದಲ ಕ್ಲಿಕ್ಕನ್ನೇ ಅಳೆಯಬೇಕು

ಶಟರ್ ಎಂದರೆ ಫಿಲ್ಮಿಗೆ ಬೆಳಕು ಬಿಡುವ ಬಾಗಿಲು; ಅದು ಡಯಲ್ ಹೇಳಿದಷ್ಟೇ ಹೊತ್ತು ತೆರೆಯುತ್ತದೆಯೇ ಎಂಬ ಪರೀಕ್ಷೆಗೆ ಚಿಕ್ಕಮಗಳೂರಿನಲ್ಲಿ ನಾನು ಆರಿಸಿಕೊಳ್ಳುವುದು ಮಳೆಗಾಲದ ಬೆಳಗನ್ನು. ಒಳಗಿನ ಹಳೇ ಗ್ರೀಸ್ ಥಂಡಿಗೆ ಬಿಗಿದಿರುತ್ತದೆ. ಬೇಸಿಗೆಯಲ್ಲಿ ಅಡಗಿದ್ದ ದೋಷ ಆಗ ಹೊರಬೀಳುತ್ತದೆ.

ಬೇಕಾದದ್ದು ಸೆನ್ಸರಾಗಿ ಒಂದು ಫೋಟೊಟ್ರಾನ್ಸಿಸ್ಟರ್ (ಬೆಳಕು ಬಿದ್ದಾಗ ವಿದ್ಯುತ್ ಹರಿಸುವ ಪುಟ್ಟ ಬಿಡಿಭಾಗ), 3.5 ಮಿ.ಮೀ. ಆಡಿಯೊ ಪಿನ್, ಮೈಕ್ ಸಾಕೆಟ್ ಇರುವ ಲ್ಯಾಪ್‌ಟಾಪ್, ಅದರಲ್ಲಿ ಧ್ವನಿ ರೆಕಾರ್ಡ್ ಮಾಡಿ ಗ್ರಾಫ್ ತೋರಿಸುವ ತಂತ್ರಾಂಶ ಆಡಾಸಿಟಿ. ಕಲೆಕ್ಟರ್ ಕಾಲು ಪಿನ್ನಿನ ತುದಿಗೆ, ಎಮಿಟರ್ ಬುಡಕ್ಕೆ. ಸಾಕೆಟ್ಟಿನಿಂದ ಬರುವ ಅಲ್ಪ ವೋಲ್ಟೇಜೇ ಸಾಕು. ಬೆಳಕಿಗೆ ಬ್ಯಾಟರಿ ಟಾರ್ಚ್, ಪೂರ್ತಿ ಪ್ರಖರತೆಯಲ್ಲಿ. ಮನೆಯ ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುವುದರಿಂದ ಗ್ರಾಫ್ ಕೆಡುತ್ತದೆ.

ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆರೆದು, ಮುಂದಿನಿಂದ ಟಾರ್ಚ್ ಬಿಟ್ಟು, ಫಿಲ್ಮ್ ಕೂರುವ ಜಾಗದಲ್ಲೇ ಸೆನ್ಸರ್ ಹಿಡಿಯುತ್ತೇನೆ. ರೆಕಾರ್ಡಿಂಗ್ 48,000 ಹರ್ಟ್ಸ್‌ನಲ್ಲಿ. ಶಟರ್ ತೆರೆದಾಗ ಒಂದು ಕಡೆಗೆ, ಮುಚ್ಚಿದಾಗ ಎದುರು ಕಡೆಗೆ ಮೊನೆ ಏಳುತ್ತದೆ. ನಡುವಿನ ಅಂತರವೇ ಶಟರ್ ತೆರೆದಿದ್ದ ಅವಧಿ, ಅಂದರೆ ಅದರ ವೇಗ. ಡಯಲ್‌ನಲ್ಲಿ 1/125 ಸೆಕೆಂಡಿಗೆ ಸುಮಾರು 8, 1/500ಕ್ಕೆ 2, 1/1000ಕ್ಕೆ 1 ಮಿಲಿಸೆಕೆಂಡ್ ಬರಬೇಕು.

ಬಟ್ಟೆ ಪರದೆಯ ಶಟರಿನಲ್ಲಿ ಎರಡು ಪರದೆ ಒಂದರ ಹಿಂದೊಂದು ಓಡುತ್ತವೆ; ಹೆಚ್ಚಿನ ವೇಗದಲ್ಲಿ ನಡುವಿನ ಸೀಳಿನಿಂದಷ್ಟೇ ಬೆಳಕು ಬೀಳುತ್ತದೆ. ಇಲ್ಲಿ ಹಲವರು ಎಡವುವುದು ಸೆನ್ಸರಿನ ಅಗಲದಲ್ಲಿ. ಪರದೆ 36 ಮಿ.ಮೀ. ದಾಟಲು 12 ಮಿಲಿಸೆಕೆಂಡ್ ತೆಗೆದುಕೊಂಡರೆ, 1/1000ರಲ್ಲಿ ಸೀಳು ಬರೀ 3 ಮಿ.ಮೀ. ಸೆನ್ಸರೂ 3 ಮಿ.ಮೀ. ಇದ್ದರೆ ಬೆಳಕು ತಗಲುವ ಅವಧಿ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಾಣುತ್ತದೆ. ಸರಿಯಿರುವ ಕ್ಯಾಮೆರಾಕ್ಕೆ ಸುಮ್ಮನೆ ಕೆಟ್ಟ ಹೆಸರು. ಕಪ್ಪು ಟೇಪು ಸುತ್ತಿ ಅರ್ಧ ಮಿ.ಮೀ. ರಂಧ್ರ ಬಿಡಿ. ಆಮೇಲೆ ಪರದೆ ಹೊರಡುವ ಅಂಚು, ನಡು, ಮುಟ್ಟುವ ಅಂಚು, ಮೂರು ಕಡೆಯೂ ಅಳೆಯಿರಿ. ಕೊನೆಯ ಅಂಚಿನಲ್ಲಿ ಅವಧಿ ಕುಗ್ಗಿದ್ದರೆ ಹಿಂದಿನ ಪರದೆ ಮುಂದಿನದನ್ನು ಹಿಡಿಯುತ್ತಿದೆ ಎಂದರ್ಥ. ಚಿತ್ರದ ಆ ಬದಿ ಕಪ್ಪಾಗುತ್ತದೆ. ಹೆಚ್ಚಾಗಿ ರೋಲರಿನ ಕೊಳೆಯೇ ಕಾರಣ. ಶುಚಿ ಮಾಡದೆ ಸ್ಪ್ರಿಂಗ್ ಬಿಗಿ ಮಾಡಬೇಡಿ, ಎಣ್ಣೆಯನ್ನಂತೂ ಬಿಡಲೇಬೇಡಿ.

ಲೆನ್ಸಿನೊಳಗೇ ಎಲೆಶಟರ್ (ತೆಳು ಎಲೆಗಳು ತೆರೆದು ಮುಚ್ಚುವ ಶಟರ್) ಇರುವ ಯಾಶಿಕಾ ಮ್ಯಾಟ್‌ನಂಥ ಕ್ಯಾಮೆರಾಗಳಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಪೂರ್ತಿ ತೆರೆದಿಟ್ಟು ಅಳೆಯಬೇಕು. ಇಲ್ಲಿ ಸಾಮಾನ್ಯವಾಗಿ ಕಾಟ ಕೊಡುವುದು 1 ಸೆಕೆಂಡಿನಿಂದ 1/15ರವರೆಗಿನ ನಿಧಾನ ವೇಗಗಳು.

ರಾತ್ರಿಯಿಡೀ ಸುಮ್ಮನಿದ್ದ ಕ್ಯಾಮೆರಾದ ಮೊದಲ ಕ್ಲಿಕ್ಕನ್ನು ಬೇರೆಯಾಗಿ ಬರೆದುಕೊಳ್ಳುತ್ತೇನೆ. ಇಪ್ಪತ್ತು ಸಲ ಒತ್ತಿದ ಮೇಲೆ ಶಟರ್ ಸಡಿಲವಾಗಿ ಅಂಕಿ ಚೆಂದ ಬರುತ್ತದೆ, ಆದರೆ ಬೇಲೂರಿನ ನವರಂಗದ ಮಬ್ಬಿನಲ್ಲಿ ತೆಗೆಯುವ ಚಿತ್ರಕ್ಕೆ ಸಿಗುವುದು ಆ ಮೊದಲ ಕ್ಲಿಕ್ಕೇ. ಸರಾಸರಿಯಲ್ಲಿ ಅದನ್ನು ಮುಚ್ಚಿಹಾಕಬಾರದು.

ಡಯಲ್ 1/500 ಎಂದಾಗ 2.9 ಮಿಲಿಸೆಕೆಂಡ್ ಬಂದರೆ ನಿಜವಾದ ವೇಗ 1/350, ಅರ್ಧ ಸ್ಟಾಪ್ ಹೆಚ್ಚು ಬೆಳಕು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ನೆಗೆಟಿವ್ ಫಿಲ್ಮ್ ಇದನ್ನು ತಾಳಿಕೊಳ್ಳುತ್ತದೆ; ಸ್ಲೈಡ್ ಫಿಲ್ಮ್ ಹಾಕಿದ್ದರೆ ಅಪರ್ಚರ್ ಅರ್ಧ ಸ್ಟಾಪ್ ಕಿರಿದು ಮಾಡಬೇಕು. ಈ ಅಂಕಿಗಳ ಚೀಟಿ ಕ್ಯಾಮೆರಾದ ಚೀಲದಲ್ಲೇ ಇರುತ್ತದೆ.